ಲಾಡಿ ಎಳೆದ ಕೈಗಳು

‘ಗಾನ್ ವಿತ್ ದ ವಿಂಡ್’ (1939) ಚಿತ್ರವನ್ನು ನೋಡಿದವರಿಗೆ ಆ ದೃಶ್ಯ ನೆನಪಿರುತ್ತದೆ. ನಾಯಕಿ ಸ್ಕಾರ್ಲೆಟ್ ಮಂಚದ ಕಂಬ ಹಿಡಿದು ಉಸಿರು ಬಿಗಿಹಿಡಿದಿದ್ದಾಳೆ. ಹಿಂದೆ ನಿಂತ ಮ್ಯಾಮಿ ಸೊಂಟ ಬಿಗಿಯುವ ಒಳ ಉಡುಪಾದ ಕಾರ್ಸೆಟ್ಟಿನ ಲಾಡಿಯನ್ನು ಎಳೆದೆಳೆದು ಬಿಗಿಯುತ್ತಿದ್ದಾಳೆ. ಔತಣಕ್ಕೆ ಹೊರಡುವ ಮೊದಲು ಮನೆಯಲ್ಲೇ ಹೊಟ್ಟೆ ತುಂಬಿಸಿಕೊಂಡು ಹೋಗು ಎಂದು ಮ್ಯಾಮಿಯ ಹಠ ಬೇರೆ. ದೊಡ್ಡ ಮನೆತನದ ಹುಡುಗಿ ನಾಲ್ಕು ಜನರ ಎದುರು ತಿಂದೂ ತಿನ್ನದ ಹಾಗಿರಬೇಕು! ನೋಡುಗರ ಕಣ್ಣೆಲ್ಲ ಸ್ಕಾರ್ಲೆಟ್‌ಳ ಸೊಂಟದ ಮೇಲೆ. ಆದರೆ ಆ ದೃಶ್ಯ ನಡೆಯುವುದು 1861ರಲ್ಲಿ, ಅಮೆರಿಕದ ದಕ್ಷಿಣದ ಜಾರ್ಜಿಯಾದಲ್ಲಿ. ಲಾಡಿ ಎಳೆಯುತ್ತಿರುವವಳು ಆ ಮನೆಯ ಗುಲಾಮಳು.

ಕಾರ್ಸೆಟ್ಟಿನ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಅದನ್ನು ತೊಟ್ಟವಳ ಸೊಂಟದಿಂದಲೇ ಶುರುಮಾಡಿ ಅಲ್ಲೇ ಮುಗಿಸುತ್ತಾರೆ. ಅದನ್ನು ಹೊಲಿದವರು, ಬಿಗಿದವರು, ಅದರ ಪರವಾಗಿಯೋ ವಿರುದ್ಧವಾಗಿಯೋ ಉಪದೇಶ ಮಾಡಿದವರು ಎಲ್ಲರೂ ಸೇರಿದ ಕಥೆ ಇದಕ್ಕಿಂತ ದೊಡ್ಡದು.

ಹುಟ್ಟಿದಾಗ ಕಾರ್ಸೆಟ್ಟಿನ ಉದ್ದೇಶ ಸೊಂಟವನ್ನು ಸಣ್ಣದು ಮಾಡುವುದೇ ಆಗಿರಲಿಲ್ಲ. ಹದಿನಾರನೆಯ ಶತಮಾನದ ಯುರೋಪಿನ ಅರಮನೆಗಳಲ್ಲಿ ಬೇಕಿದ್ದುದು ಎದೆ ಚಪ್ಪಟೆಯಾಗಿ, ಬೆನ್ನು ನೆಟ್ಟಗೆ, ಮೈ ಶಂಕುವಿನಾಕಾರದಲ್ಲಿ ಕಾಣುವುದು. ಬಗ್ಗಲಾಗದ ಹೆಂಗಸು ಎಂದರೆ ಬಗ್ಗಿ ದುಡಿಯುವ ಅಗತ್ಯವಿಲ್ಲದ ಹೆಂಗಸು. ಆ ಬಿಗಿ ಉಡುಪು ಅಂತಸ್ತಿನ ಗುರುತಾಗಿತ್ತು. 1603ರಲ್ಲಿ ರಾಣಿ ಮೊದಲನೆಯ ಎಲಿಜಬೆತ್ ತೀರಿಕೊಂಡಾಗ ಶವಯಾತ್ರೆಗಾಗಿ ಅವಳ ಪ್ರತಿಮೆಯೊಂದನ್ನು ಮಾಡಿಸಿದರು. ಆ ಪ್ರತಿಮೆಗೆ ತೊಡಿಸಿದ್ದ ಒಳ ಉಡುಪು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಇಂದಿಗೂ ಇದೆ. ಉಳಿದುಬಂದಿರುವ ಅತ್ಯಂತ ಹಳೆಯ ಕಾರ್ಸೆಟ್ಟುಗಳಲ್ಲಿ ಅದೂ ಒಂದು.

ಬಿಗಿತಕ್ಕಾಗಿ ಬಟ್ಟೆಯ ಪದರಗಳ ನಡುವೆ ಸೇರಿಸಿ ಹೊಲಿಯುತ್ತಿದ್ದ ಪಟ್ಟಿಗಳನ್ನು ತಿಮಿಂಗಿಲದ ಮೂಳೆ ಎಂದೇ ಜನ ಕರೆದರು. ನಿಜಕ್ಕೂ ಅದು ಮೂಳೆಯೇ ಅಲ್ಲ. ಕೆಲವು ಜಾತಿಯ ತಿಮಿಂಗಿಲಗಳ ಬಾಯಲ್ಲಿ ಹಲ್ಲಿನ ಬದಲು ಜೋತಾಡುವ ಉದ್ದನೆಯ ಫಲಕಗಳಿರುತ್ತವೆ. ನಮ್ಮ ಉಗುರು, ಕೂದಲುಗಳಲ್ಲಿರುವ ಕೆರಟಿನ್ನೇ ಅವುಗಳಲ್ಲೂ ಇರುವುದು. ಸೀಳಿದರೆ ತೆಳ್ಳಗಿನ ಪಟ್ಟಿಗಳಾಗುತ್ತವೆ, ಕಾಯಿಸಿ ಬಗ್ಗಿಸಿದರೆ ಆರಿದ ಮೇಲೂ ಅದೇ ಆಕಾರದಲ್ಲಿ ನಿಲ್ಲುತ್ತವೆ. ಈ ಪಟ್ಟಿಗಳಿಗಾಗಿ, ಜೊತೆಗೆ ಎಣ್ಣೆಗಾಗಿ, ಆರ್ಕ್ಟಿಕ್ ಸಮುದ್ರದ ತಿಮಿಂಗಿಲಗಳನ್ನು ಶತಮಾನಗಳ ಕಾಲ ಬೇಟೆಯಾಡಿದರು. ತಿಮಿಂಗಿಲಗಳು ಕಡಿಮೆಯಾಗಿ ಬೆಲೆ ಏರಿದಾಗ, 1883ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಎಡ್ವರ್ಡ್ ವಾರನ್ ಎಂಬ ವ್ಯಾಪಾರಿ ಟರ್ಕಿ ಕೋಳಿಯ ಗರಿಯ ದಂಟಿನಿಂದ ಬದಲಿ ಪಟ್ಟಿ ಮಾಡಿ ಮಾರಿದ.

ಕಾರ್ಸೆಟ್ ಹೊಲಿಯುವ ಹಕ್ಕು ಯಾರದು ಎಂಬುದಕ್ಕೂ ಒಂದು ಜಗಳವಿತ್ತು. 1675ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ ಪ್ಯಾರಿಸ್ಸಿನ ಹೆಣ್ಣು ದರ್ಜಿಗಳಿಗೆ ತಮ್ಮದೇ ಸಂಘ ಕಟ್ಟಿಕೊಳ್ಳಲು, ಹೆಂಗಸರ ಬಟ್ಟೆ ಹೊಲಿಯಲು ಅನುಮತಿ ಕೊಟ್ಟ. ಆದರೆ ತಿಮಿಂಗಿಲದ ಪಟ್ಟಿ ಸೇರಿಸಿದ ಬಿಗಿ ಉಡುಪು ಮಾತ್ರ ಗಂಡು ದರ್ಜಿಗಳ ಕೈಯಲ್ಲೇ ಉಳಿಯಿತು. ಹೆಣ್ಣಿನ ಮೈಗೆ ಅಷ್ಟು ಹತ್ತಿರವಾದ ಉಡುಪಿನ ಅಳತೆ, ಕತ್ತರಿ, ಸೂಜಿ ಎಲ್ಲವೂ ಬಹುಕಾಲ ಗಂಡಸರದೇ ಆಗಿತ್ತು.

ಹದಿನೆಂಟನೆಯ ಶತಮಾನದಲ್ಲಿ ಮಕ್ಕಳಿಗೂ ಇದನ್ನು ತೊಡಿಸುತ್ತಿದ್ದರು. ಬೆನ್ನು ಸೊಟ್ಟಗಾಗದಿರಲಿ ಎಂದು ಚಿಕ್ಕ ಗಂಡುಮಕ್ಕಳಿಗೂ. ಚಿಂತಕ ರೂಸೊ ತನ್ನ ‘ಎಮಿಲ್’ ಪುಸ್ತಕದಲ್ಲಿ (1762) ಇದನ್ನು ಖಂಡಿಸಿದ. ಜರ್ಮನಿಯ ಶರೀರಶಾಸ್ತ್ರಜ್ಞ ಸೊಮ್ಮೆರಿಂಗ್ ಇದರ ಅಪಾಯಗಳ ಮೇಲೇ ಬರೆದ. ಫ್ರೆಂಚ್ ಕ್ರಾಂತಿಯ ನಂತರ ಎದೆಯ ಕೆಳಗೇ ಸೊಂಟಪಟ್ಟಿ ಬರುವ ಸಡಿಲ ಉಡುಪು ಬಂದು ಕೆಲಕಾಲ ಬಿಗಿತ ತಗ್ಗಿತು. ಆಮೇಲೆ ಅದು ಇನ್ನೂ ಜೋರಾಗಿ ಮರಳಿತು.

ಮರಳಲು ದಾರಿ ಮಾಡಿಕೊಟ್ಟದ್ದು ಪುಟ್ಟ ಪುಟ್ಟ ಲೋಹದ ಸಾಮಾನುಗಳು. ಅದುವರೆಗೆ ಲಾಡಿ ಹಾಯಿಸುವ ತೂತುಗಳಿಗೆ ಸುತ್ತ ದಾರದ ಹೊಲಿಗೆ ಮಾತ್ರ ಇರುತ್ತಿತ್ತು. ಅತಿಯಾಗಿ ಎಳೆದರೆ ಬಟ್ಟೆ ಹರಿಯುತ್ತಿತ್ತು. 1820ರ ದಶಕದಲ್ಲಿ ಆ ತೂತುಗಳಿಗೆ ಲೋಹದ ಉಂಗುರಗಳು ಬಂದವು. ಇನ್ನು ಎಷ್ಟು ಎಳೆದರೂ ಬಟ್ಟೆ ತಡೆಯುತ್ತಿತ್ತು, ತಡೆಯಬೇಕಾದದ್ದು ಮೈ. 1829ರಲ್ಲಿ ಪ್ಯಾರಿಸ್ಸಿನ ಜಾಸ್ಲಿನ್ ಮುಂಭಾಗದಲ್ಲಿ ಕೊಂಡಿ ಹಾಕಿ ತೆಗೆಯುವ ಪಟ್ಟಿಗೆ ಪೇಟೆಂಟ್ ಪಡೆದ. ಇದು ಹೆಂಗಸರಿಗೆ ನಿಜವಾದ ಉಪಕಾರ, ಏಕೆಂದರೆ ಮ್ಯಾಮಿಯಂಥವಳ ಸಹಾಯವಿಲ್ಲದೆ ತಾವೇ ತೊಟ್ಟು ತಾವೇ ಬಿಚ್ಚಬಹುದಾಯಿತು. ಹೊಲಿಗೆ ಯಂತ್ರ ಬಂದ ಮೇಲೆ ಬೆಲೆ ಇಳಿಯಿತು. ರಾಣಿಯ ಉಡುಪನ್ನು ಮನೆಗೆಲಸದವಳೂ ಗಿರಣಿಯ ಹುಡುಗಿಯೂ ತೊಡುವಂತಾಯಿತು.

ಜೊತೆಗೇ ಬೈಗುಳವೂ ಎರಡು ಕಡೆಯಿಂದ ಬಂತು. ತೊಡದವಳು ನಡತೆಗೆಟ್ಟವಳು, ಬಿಗಿಯಾಗಿ ತೊಟ್ಟವಳು ಸೊಗಸಿಗಾಗಿ ಹುಟ್ಟಲಿರುವ ಮಗುವನ್ನೂ ಬಲಿಕೊಡುವವಳು. ಕ್ಷಯದಿಂದ ಹಿಡಿದು ಮನೋರೋಗದವರೆಗೆ ಹೆಂಗಸರ ಸಕಲ ಕಾಯಿಲೆಗಳನ್ನೂ ವೈದ್ಯರು ಕಾರ್ಸೆಟ್ಟಿನ ತಲೆಗೆ ಕಟ್ಟಿದರು. ಅದು ಉಸಿರಾಟವನ್ನು ಕುಗ್ಗಿಸುತ್ತಿದ್ದುದು, ಬಸುರಿಯರಿಗೂ ತೊಡಿಸುತ್ತಿದ್ದುದು ನಿಜ. ಅದನ್ನು ಯಾರೂ ಸಮರ್ಥಿಸಬೇಕಾಗಿಲ್ಲ. ಆದರೆ ಸೊಂಟ ಸಣ್ಣಗಾಗಲೆಂದು ಪಕ್ಕೆಲುಬು ತೆಗೆಸಿಕೊಳ್ಳುತ್ತಿದ್ದರು ಎಂಬ ಮಾತಿಗೆ ಆಧಾರವೇ ಇಲ್ಲ. ಇಂಗ್ಲೆಂಡಿನ ಮಾರ್ಕೆಟ್ ಹಾರ್ಬರೊ ಊರಿನ ಸಿಮಿಂಗ್ಟನ್ ಕಾರ್ಖಾನೆಯ ಕಾರ್ಸೆಟ್ಟುಗಳು ಇಂದು ಸಂಗ್ರಹದಲ್ಲಿವೆ. ಅವುಗಳಲ್ಲಿ ಹೆಚ್ಚಿನವುಗಳ ಸೊಂಟದಳತೆ 20ರಿಂದ 26 ಇಂಚು. ಹಿಂದೆ ಲಾಡಿಯ ಜಾಗದಲ್ಲಿ ಎರಡು ಅಂಚುಗಳ ನಡುವೆ ಸ್ವಲ್ಪ ಬಿಟ್ಟೇ ಕಟ್ಟುತ್ತಿದ್ದುದರಿಂದ ಮೈಯ ಅಳತೆ ಅದಕ್ಕಿಂತಲೂ ಹೆಚ್ಚಿರುತ್ತಿತ್ತು. ಬಹುಪಾಲು ಹೆಂಗಸರು ಸ್ಕಾರ್ಲೆಟ್‌ಳಂತೆ ಬಿಗಿದುಕೊಳ್ಳುತ್ತಿರಲಿಲ್ಲ. ಅದರಲ್ಲೇ ಒಲೆ ಉರಿಸಿದರು, ಮಗು ಎತ್ತಿದರು, ಗಿರಣಿಯಲ್ಲಿ ದುಡಿದರು.

ಹೆಂಗಸರೇ ಉತ್ತರ ಹುಡುಕಿದ್ದೂ ಉಂಟು. ರಾಕ್ಸಿ ಕ್ಯಾಪ್ಲಿನ್ ಎಂಬಾಕೆ ಮೈಯ ರಚನೆಗೆ ಹೊಂದುವ ಕಾರ್ಸೆಟ್ ಹೊಲಿದು 1851ರ ಲಂಡನ್ ಮಹಾಪ್ರದರ್ಶನದಲ್ಲಿ ಪದಕ ಗೆದ್ದಳು. 1881ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ರ‍್ಯಾಷನಲ್ ಡ್ರೆಸ್ ಸೊಸೈಟಿಯವರು ಹೆಂಗಸರ ಒಳ ಉಡುಪಿನ ಒಟ್ಟು ತೂಕ ಏಳು ಪೌಂಡ್ ಮೀರಬಾರದು ಎಂದರು. ಮೂರು ಕಿಲೋಗೂ ಹೆಚ್ಚು ಒಳ ಉಡುಪು ಸುಧಾರಕರ ಲೆಕ್ಕದಲ್ಲಿ ಹಗುರ! ಪ್ಯಾರಿಸ್ಸಿನ ವೈದ್ಯೆ ಇನೆಸ್ ಗಾಶ್-ಸರೋಟ್ ಹೊಟ್ಟೆಯ ಮೇಲಿನ ಒತ್ತಡ ತಪ್ಪಿಸಲೆಂದು ಮುಂಭಾಗ ನೇರವಾಗಿರುವ ಕಾರ್ಸೆಟ್ ರೂಪಿಸಿದಳು. ಫ್ಯಾಷನ್ನಿನವರು ಅದನ್ನು ತೆಗೆದುಕೊಂಡು ಇನ್ನಷ್ಟು ಬಿಗಿದರು. ಎದೆ ಮುಂದಕ್ಕೆ, ನಿತಂಬ ಹಿಂದಕ್ಕೆ ತಳ್ಳಿಹೋದ ಹೊಸ ಭಂಗಿ 1900ರ ಸುಮಾರಿಗೆ ಎಲ್ಲೆಡೆ ಹರಡಿತು. ಆರೋಗ್ಯಕ್ಕೆಂದು ಹುಟ್ಟಿದ್ದು ಬೆನ್ನಿಗೆ ಹೊರೆಯಾಯಿತು.

ಮುಂದಿನದು ಬಹಳ ಸಲ ಹೇಳಿಯಾದ ಕಥೆ. 1906ರ ಹೊತ್ತಿಗೆ ಡಿಸೈನರ್ ಪಾಲ್ ಪೊಯಿರೆ ಕಾರ್ಸೆಟ್ ಬೇಡದ ಉಡುಪು ತಂದು ಹೆಂಗಸರ ವಿಮೋಚಕ ಎನಿಸಿಕೊಂಡ. ಕೆಲವೇ ವರ್ಷಗಳಲ್ಲಿ ಅವನೇ ಹೆಜ್ಜೆ ಎತ್ತಿಡಲಾಗದಷ್ಟು ಬಿಗಿಯಾದ ಲಂಗವನ್ನೂ ಜನಪ್ರಿಯಗೊಳಿಸಿದ. 1914ರಲ್ಲಿ ಮೇರಿ ಫೆಲ್ಪ್ಸ್ ಜೇಕಬ್‌ಗೆ ಬ್ರಾದ ಪೇಟೆಂಟ್ ಸಿಕ್ಕಿತು. ಅದನ್ನು ಕೊಂಡದ್ದೂ ಒಂದು ಕಾರ್ಸೆಟ್ ಕಂಪನಿಯೇ. 1920ರ ದಶಕದಲ್ಲಿ ಹುಡುಗರಂಥ ಮೈಕಟ್ಟು ಬೇಕಾಯಿತು, 1947ರಲ್ಲಿ ಡಿಯೋರ್ ಮತ್ತೆ ಸಣ್ಣ ಸೊಂಟ ತಂದ, 1958ರಲ್ಲಿ ಡ್ಯುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ಲೈಕ್ರಾ ಎಂಬ ಹಿಗ್ಗುವ ಎಳೆ ಹುಟ್ಟಿತು. ಅದೇ ಎಳೆಯಿಂದ ಮಾಡಿದ ಶೇಪ್‌ವೇರನ್ನು ಇಂದು ನಮ್ಮ ಮದುವೆ ಮನೆಗಳಲ್ಲಿ ಸೀರೆಯೊಳಗೆ ಲಂಗದ ಬದಲು ತೊಡುತ್ತಿದ್ದಾರೆ.

ಹೀಗೆ ಡಿಸೈನರುಗಳ ಹೆಸರು ಹಿಡಿದು ಸಾಗುವ ಕಥೆಯಲ್ಲಿ ಕಲಾಮಜೂ ಬರುವುದಿಲ್ಲ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಅದೇ. ಮಿಷಿಗನ್ ರಾಜ್ಯದ ಈ ಊರಿನಲ್ಲಿ ಒಂದು ದೊಡ್ಡ ಕಾರ್ಸೆಟ್ ಕಾರ್ಖಾನೆ ಇತ್ತು. ಸುಮಾರು 800 ಕೆಲಸಗಾರರು, ಬಹುಪಾಲು ಹೆಂಗಸರು ಮತ್ತು ಹುಡುಗಿಯರು. ಕೂಲಿ ಕಡಿಮೆ, ಹೊಲಿಯುವ ದಾರವನ್ನೂ ಅವರೇ ಕೊಳ್ಳಬೇಕು. ಮೇಲ್ವಿಚಾರಕರ ಲೈಂಗಿಕ ಕಿರುಕುಳಕ್ಕೆ ತಲೆಬಾಗಿದವರಿಗೆ ಒಳ್ಳೆಯ ಕೆಲಸ, ಬಾಗದವರಿಗೆ ಇಲ್ಲ ಎಂಬ ದೂರಿತ್ತು. 1912ರ ಮಾರ್ಚಿನಲ್ಲಿ ಅವರು ಮುಷ್ಕರ ಹೂಡಿದರು. ಹೆಣ್ಣುಡುಪು ಕಾರ್ಮಿಕರ ಸಂಘದ ಜೋಸೆಫೀನ್ ಕೇಸಿ ಮುಂದಾಳಾಗಿ ಬಂದಳು. ಕಾರ್ಖಾನೆಯ ಮುಂದೆ ನಿಲ್ಲಬಾರದೆಂದು ನ್ಯಾಯಾಲಯ ತಡೆಯಾಜ್ಞೆ ಕೊಟ್ಟಾಗ ಅವರು ಅಲ್ಲೇ ನಿಂತು ಪ್ರಾರ್ಥನೆ ಹೇಳಿದರು. ಕೇಸಿಯನ್ನೂ ಜೊತೆಗಾತಿಯರನ್ನೂ ಜೈಲಿಗೆ ಕಳಿಸಿದರು. ಕಾರ್ಖಾನೆಯೊಳಗಿನ ಕಿರುಕುಳವನ್ನು ಬಹಿರಂಗವಾಗಿ ಹೇಳುವುದೇ ನಾಚಿಕೆಗೇಡು ಎನ್ನುತ್ತಿದ್ದ ಕಾಲದಲ್ಲಿ ಇವರು ಅದನ್ನು ಬೀದಿಯಲ್ಲಿ ನಿಂತು ಹೇಳಿದರು. ಜೂನ್ ತಿಂಗಳಲ್ಲಿ ಒಪ್ಪಂದವಾಯಿತು, ಆದರೆ ಕಿರುಕುಳದ ದೂರಿಗೆ ಸರಿಯಾದ ಉತ್ತರ ಸಿಗಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಹೆಂಗಸರಿಗೆ ಮತದಾನದ ಹಕ್ಕು ಕೊಡಬೇಕೇ ಎಂದು ಮಿಷಿಗನ್ನಿನ ಗಂಡಸರನ್ನು ಕೇಳಿದಾಗ, ತೀರಾ ಕಡಿಮೆ ಅಂತರದಲ್ಲಿ, ಬೇಡ ಎಂದೇ ತೀರ್ಪು ಬಂತು. ಹಕ್ಕು ಸಿಕ್ಕಿದ್ದು 1918ರಲ್ಲಿ.

ಕಾರ್ಸೆಟ್ಟಿನ ಬಿಗಿತದಿಂದ ಹೆಂಗಸರನ್ನು ಬಿಡಿಸಿದ ಶ್ರೇಯಸ್ಸು ಇಂದಿಗೂ ಪೊಯಿರೆಯ ಹೆಸರಿನಲ್ಲಿದೆ. ಆ ಚರಿತ್ರೆಯನ್ನು ಇನ್ನು ಮುಂದೆ ಬರೆಯುವವರು ಜೋಸೆಫೀನ್ ಕೇಸಿಯ ಹೆಸರನ್ನೂ ಅದರಲ್ಲಿ ಸೇರಿಸಬೇಕು.