ಒಬ್ಬರೇ ಇದ್ದ 41 ವರ್ಷ

ನಿಮಗಿದು ಗೊತ್ತೆ?

ಬೆಂಗಳೂರಿನ ಹೆಬ್ಬಾಳ, ಯಶವಂತಪುರದ ಜನ ಓಡಾಡುವ ನ್ಯೂ ಬಿಇಎಲ್ ರಸ್ತೆಯಲ್ಲೇ ಇಸ್ರೊ ಕೇಂದ್ರ ಕಚೇರಿ ಅಂತರಿಕ್ಷ ಭವನ ಇದೆ. ಮಾನವ ಬಾಹ್ಯಾಕಾಶ ಯಾನ ಕೇಂದ್ರ ಇದೇ ಆವರಣದಲ್ಲಿ 2019ರ ಜನವರಿ 30ರಂದು ಶುರುವಾಯಿತು. ಆಗ ಬಾಹ್ಯಾಕಾಶಕ್ಕೆ ಹೋಗಿಬಂದಿದ್ದ ಭಾರತದ ಪ್ರಜೆ ಒಬ್ಬರೇ: ರಾಕೇಶ್ ಶರ್ಮಾ.

1984ರ ಏಪ್ರಿಲ್ 3ರಂದು ಸೋವಿಯತ್ ಒಕ್ಕೂಟದ ಸೋಯುಜ್ ಟಿ-11 ನೌಕೆಯಲ್ಲಿ ಅವರು ಹೊರಟಾಗ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ (ಡಿಎಫ್‌ಆರ್‌ಎಲ್) ತಯಾರಿಸಿದ್ದ ರವೆ ಹಲ್ವಾ, ಆಲೂ ಛೋಲೆ, ತರಕಾರಿ ಪಲಾವ್ ಕೂಡ ಜತೆಗೆ ಹೋದವು. ಅವರು ತಂಗಿದ್ದ ಸಲ್ಯೂಟ್-7 ನಿಲ್ದಾಣ 1991ರ ಫೆಬ್ರುವರಿಯಲ್ಲಿ ಅರ್ಜೆಂಟೀನಾದ ಮೇಲೆ ಉರಿದು ಚೂರಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಅವರನ್ನು ಕಳಿಸಿದ್ದ ದೇಶವೇ ಇಲ್ಲವಾಯಿತು. ಆದರೂ ಭೂಕಕ್ಷೆಗೆ ಹೋದ ಭಾರತೀಯರ ಪಟ್ಟಿಗೆ ಎರಡನೆಯ ಹೆಸರು ಸೇರಲು ಮತ್ತೆ ಮೂರು ದಶಕಗಳೇ ಬೇಕಾದವು. ಅಷ್ಟು ದೀರ್ಘ ಕಾಯುವಿಕೆ ನಿಜಕ್ಕೂ ಬೇಸರದ್ದೇ.

ಅದು ಕೊನೆಗೊಂಡದ್ದು 2025ರ ಜೂನ್ 25ರಂದು, ಶುಭಾಂಶು ಶುಕ್ಲಾ ಅವರಿದ್ದ ಆಕ್ಸಿಯಂ-4 ಯಾನ ಹೊರಟಾಗ. ಯಶವಂತಪುರಕ್ಕೆ ಹತ್ತಿರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರು ಎಂ.ಟೆಕ್ ಓದಿದ್ದರು. ನಮಗೆ ಇನ್ನೂ ಹೆಮ್ಮೆಯ ಸಂಗತಿಯೆಂದರೆ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಅವರು ನಡೆಸಿದ ಒಂದು ಪ್ರಯೋಗ ಧಾರವಾಡದ್ದು. ಅಲ್ಲಿನ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ರೂಪಿಸಿದ್ದ ಆ ಪ್ರಯೋಗದಲ್ಲಿ ಹೆಸರುಕಾಳು, ಮೆಂತ್ಯ ಪುಟ್ಟ ತಟ್ಟೆಗಳಲ್ಲಿ ಮೊಳಕೆಯೊಡೆದವು. ಅವುಗಳ ಫೋಟೊ ತೆಗೆದ ಶುಕ್ಲಾ, ತಟ್ಟೆಗಳನ್ನು ನಿಲ್ದಾಣದ ಫ್ರೀಜರ್‌ನಲ್ಲಿಟ್ಟರು.