ಹಳ್ಳಕ್ಕೆ ಬಿಟ್ಟ ಪುಸ್ತಕ

ಯಮನೂರು ಅಂದರೆ ನಮ್ಮಂಥ ಟಿವಿಯವರಿಗೆ ನೆನಪಾಗೋದು ಎರಡೇ. ಒಂದು ಚಾಂಗದೇವರ ಜಾತ್ರೆ. ಇನ್ನೊಂದು 2016ರ ಮಹದಾಯಿ ಹೋರಾಟದ ಹೊತ್ತಿನ ಲಾಠಿ ಏಟು. ಇವತ್ತು ಮೂರನೇ ಸಂಗತಿ ಹೇಳ್ತೀನಿ.

ಆ ಊರಿಗೆ ಹೋಗಿದ್ದಾಗ ಕಟ್ಟೆ ಮೇಲೆ ಕೂತಿದ್ದ ಹಿರಿಯರೊಬ್ಬರು ಮಾತಿಗೆ ಸಿಕ್ಕರು. “ನಮ್ಮ ಮನ್ಯಾಗ ಒಂದು ಓಲೆಗರಿ ಕಟ್ಟು ಇತ್ತರೀ. ಯಾರಿಗೂ ಓದಾಕ ಬರ್ತಿರಲಿಲ್ಲ. ಪೂಜಿ ಮಾಡಿ ಬೆಣ್ಣಿಹಳ್ಳಕ್ಕ ಬಿಟ್ವಿ” ಅಂದರು. ನಾನು ಎಂಜಿನಿಯರಿಂಗ್ ಓದಿದವನು. ಡೇಟಾ ಹೋಯ್ತು ಅಂದರೆ ನಾವು ಕೇಳೋ ಮೊದಲ ಪ್ರಶ್ನೆ: ಬ್ಯಾಕಪ್ ಇದೆಯಾ? ಅಜ್ಜನನ್ನು ಹಾಗೆ ಕೇಳೋಕೆ ಬಾಯಿ ಬರಲಿಲ್ಲ.

ಅವತ್ತಿನಿಂದ ನನಗೊಂದು ಆಸೆ. ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ ಅಂತ ಹೆಸರು. ಅಂಥದ್ದೊಂದರಲ್ಲಿ ನಾಲ್ಕು ಮೇಜು ಹಾಕಿ, ಪುಸ್ತಕದ್ದೇ ಒಂದು ಪ್ರದರ್ಶನ ಇಡಬೇಕು.

ಮೊದಲ ಮೇಜಿನ ಮೇಲೆ ಓಲೆಗರಿ. ತಾಳೆಗರಿಯನ್ನು ಹದ ಮಾಡಿ, ಸಮನಾಗಿ ಕತ್ತರಿಸಿ, ‘ಕಂಠ’ ಅನ್ನೋ ಕಬ್ಬಿಣದ ಮೊನೆಯಿಂದ ಅಕ್ಷರ ಕೊರೀತಿದ್ದರು. ಆಮೇಲೆ ಮಸಿ ಸವರಿ ಒರೆಸಿದರೆ ಕೊರೆದ ಗೆರೆಯಲ್ಲಿ ಮಾತ್ರ ಕಪ್ಪು ನಿಲ್ಲುತ್ತೆ. ಗರಿಗೆ ತೂತು ಮಾಡಿ ದಾರ ಪೋಣಿಸಿ, ಮೇಲೆ ಕೆಳಗೆ ಹಲಗೆ ಇಟ್ಟು ಕಟ್ಟಿದರೆ ಪುಸ್ತಕ. ಉದ್ದನೆಯ ಅಡ್ಡಗೆರೆ ಎಳೆದರೆ ಗರಿ ನಾರಿನ ಗುಂಟ ಸೀಳುತ್ತೆ. ನಮ್ಮ ಕನ್ನಡ ಅಕ್ಷರ ದುಂಡಗಾಗೋದಕ್ಕೆ ಇದೂ ಒಂದು ಕಾರಣ ಅಂತಾರೆ.

ಎರಡನೇ ಮೇಜಿಗೆ ಕಡತ ಮತ್ತು ಹಲಗೆ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಮಡಿಸಿದರೆ ಕಡತ. ಬಳಪದಲ್ಲಿ ಬರೆದು ಅಳಿಸಬಹುದು. ಇವತ್ತು ಆಫೀಸಿನ ಫೈಲಿಗೂ ನಾವು ಕಡತ ಅಂತಲೇ ಅಂತೀವಲ್ಲ, ಅದೇ ಹೆಸರು. ಹಲಗೆ ಕರಡು ಬರೆಯೋಕೆ. ಹಲಗೆ ಬಳಪ ಮುಟ್ಟದೆಯೇ ಕಾವ್ಯ ಬರೆದೆ ಅಂತ ಹೆಮ್ಮೆಪಟ್ಟವನು ಕುಮಾರವ್ಯಾಸ. ಅಂದರೆ ಕರಡೇ ಇಲ್ಲ, ನೇರ ಗರಿಗೆ! ಅವನ ಊರು ಕೋಳಿವಾಡ, ಇದೇ ಧಾರವಾಡ ಜಿಲ್ಲೆಯದು.

ಮೂರನೇ ಮೇಜು ಅತ್ತಿಮಬ್ಬೆಗೆ. ಹತ್ತನೇ ಶತಮಾನದ ಕೊನೆಯ ಹೊತ್ತು. ಪೊನ್ನನ ‘ಶಾಂತಿಪುರಾಣ’ ಅಳಿದುಹೋಗಬಾರದು ಅಂತ ಈ ಹೆಣ್ಣುಮಗಳು 1000 ಪ್ರತಿ ಬರೆಸಿ ಹಂಚಿದಳು. ಪ್ರೆಸ್ ಇಲ್ಲ, ಜೆರಾಕ್ಸ್ ಇಲ್ಲ. ಒಂದೊಂದು ಅಕ್ಷರವೂ ಕೈಯಲ್ಲೇ ಕೊರೆದದ್ದು. ನನ್ನ ಭಾಷೆಯಲ್ಲಿ ಹೇಳೋದಾದರೆ ಕನ್ನಡದ ಮೊದಲ ದೊಡ್ಡ ಬ್ಯಾಕಪ್ ಇದು.

ನಾಲ್ಕನೇ ಮೇಜಿಗೆ ಅಚ್ಚು. 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾಗಿದ್ದು ದೂರದ ಬಂಗಾಳದ ಸೆರಾಂಪುರದಲ್ಲಿ. 1843ರಲ್ಲಿ ‘ಮಂಗಳೂರ ಸಮಾಚಾರ’ ಬಂದಿದ್ದು ಕಲ್ಲಚ್ಚಿನಲ್ಲಿ. 1894ರಲ್ಲಿ ಕಿಟ್ಟೆಲ್ ನಿಘಂಟು. ಇದರ ಪಕ್ಕದಲ್ಲೇ ಫ.ಗು. ಹಳಕಟ್ಟಿ ಇರಲೇಬೇಕು. ಧಾರವಾಡದಲ್ಲಿ ಹುಟ್ಟಿ ವಿಜಯಪುರದಲ್ಲಿ ವಕೀಲಿಕೆ ಮಾಡಿದವರು, ಮನೆಮನೆ ತಿರುಗಿ ವಚನಗಳ ಓಲೆಗರಿ ಕೂಡಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬಂತು. ಮುಂದೆ ‘ಹಿತಚಿಂತಕ’ ಅನ್ನೋ ಪ್ರೆಸ್ಸನ್ನೇ ತೆರೆದರು. ಅವರು ಹೋಗಿ ಕೇಳಿದ ಮನೆಗಳವರು ಗರಿಗಳನ್ನು ಅದಕ್ಕೂ ಮೊದಲೇ ಹೊಳೆಗೆ ಬಿಟ್ಟಿದ್ದರೆ? ಇವತ್ತು ನಾವು ಭಾಷಣದಲ್ಲಿ ಹೇಳೋ ಎಷ್ಟೋ ವಚನ ನಮಗೆ ಸಿಗ್ತಿರಲಿಲ್ಲ.

ಹಾಗಂತ ಅಜ್ಜನ ಮೇಲೆ ತಪ್ಪು ಹೊರಿಸಬೇಡಿ. ಗರಿ ಜೀರ್ಣವಾದಾಗ ಹೊಸ ಪ್ರತಿ ಮಾಡಿಕೊಂಡು, ಹಳೇದನ್ನು ಕಾಲಿಗೆ ತಾಗದಂತೆ ನೀರಿಗೆ ಬಿಡೋದು ಹಿಂದಿನವರ ಪದ್ಧತಿ. ಓದು ನಿಂತಿತು, ಪ್ರತಿ ಮಾಡೋದು ನಿಂತಿತು, ನೀರಿಗೆ ಬಿಡೋದು ಮಾತ್ರ ಉಳೀತು. ನಷ್ಟ ಆಗಿದ್ದು ಅಲ್ಲಿ.

ಅದಕ್ಕೇ ಒಂದು ಮಾತು. ನಿಮ್ಮ ಅಟ್ಟದ ಮೇಲೆ, ದೇವರ ಜಗಲಿಯಲ್ಲಿ ಓಲೆಗರಿ ಕಟ್ಟು ಇದ್ದರೆ ನೀರಿಗೂ ಬಿಡಬೇಡಿ, ಗುಜರಿಗೂ ಹಾಕಬೇಡಿ. ಎಣ್ಣೆ, ಅರಿಶಿನ ಹಚ್ಚಬೇಡಿ. ಬಿಚ್ಚೋಕೆ ಬಲ ಹಾಕಬೇಡಿ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ 1939ರಿಂದ ಇದೆ, ಅಂಥ ಕಡೆ ಓದಬಲ್ಲವರಿಗೆ ಒಮ್ಮೆ ತೋರಿಸಿ. ಕೊಡೋದು ಬಿಡೋದು ನಿಮ್ಮಿಷ್ಟ, ಫೋಟೋ ತೆಗೆಯೋಕಂತೂ ಬಿಡಿ.

ನನ್ನ ಪ್ರದರ್ಶನಕ್ಕೆ ಐದನೇ ಮೇಜೊಂದನ್ನೂ ಹಾಕಿಸ್ತೀನಿ. ಅದರ ಮೇಲೆ ಏನೂ ಇಡಲ್ಲ. ಅದು ಬೆಣ್ಣಿಹಳ್ಳಕ್ಕೆ ಹೋದ ಆ ಪುಸ್ತಕದ ಜಾಗ.