ಬಾಳೆ: ಕಾಯಿಯ ಪಿಷ್ಟ, ಹಣ್ಣಿನ ಸಕ್ಕರೆ

ಬಾಳೆಯ ನಿಜವಾದ ಕಾಂಡವು ನೆಲದೊಳಗಿನ ಗಡ್ಡೆಯಾಗಿದ್ದು, ಮೇಲೆ ಕಂಬದಂತೆ ನಿಂತಿರುವುದು ಎಲೆಬುಡದ ಪಟ್ಟೆಗಳು ಒಂದರ ಮೇಲೊಂದು ಬಿಗಿಯಾಗಿ ಸುತ್ತಿಕೊಂಡು ಆದ ಹುಸಿಕಾಂಡ. ಹೂವಿನ ಕಾಲಕ್ಕೆ ಗಡ್ಡೆಯಿಂದ ಏಳುವ ದಿಂಡು ಈ ಹುಸಿಕಾಂಡದ ನಡುವೆಯೇ ಹಾದು ತುದಿಯಲ್ಲಿ ಗೊನೆಯಾಗುತ್ತದೆ. ಒಮ್ಮೆ ಗೊನೆ ಬಿಟ್ಟ ಗಿಡ ಸಾಯುತ್ತದೆ, ಬುಡದ ಕಂದುಗಳು ಸಂತತಿಯನ್ನು ಮುಂದುವರಿಸುತ್ತವೆ.

ತಿನ್ನುವ ಬಾಳೆಯಲ್ಲಿ ಪರಾಗಸ್ಪರ್ಶವಿಲ್ಲದೆಯೇ ಕಾಯಿ ಕಟ್ಟುವುದರಿಂದ ಬೀಜವಿರುವುದಿಲ್ಲ. ಹಾಗಾಗಿ ಬೀಜದ ಬದಲು ಕಂದುಗಳಿಂದ ಬೆಳೆಸುವ ಒಂದು ತಳಿಯ ಗಿಡಗಳೆಲ್ಲ ಆನುವಂಶಿಕವಾಗಿ ಹೆಚ್ಚುಕಡಿಮೆ ಒಂದೇ ಆಗಿದ್ದು, ಒಂದಕ್ಕೆ ತಗಲಿದ ರೋಗ ಎಲ್ಲಕ್ಕೂ ತಗಲಬಲ್ಲದು. ಭೌಗೋಳಿಕ ಗುರುತು ಪಡೆದ ನಂಜನಗೂಡು ರಸಬಾಳೆಯಂಥ ಅಪೂರ್ವ ತಳಿಯನ್ನು ವಿರಳವಾಗಿಸಿದ ಕಾರಣಗಳಲ್ಲಿ ಮಣ್ಣಿನ ಶಿಲೀಂಧ್ರದಿಂದ ಬರುವ ಪನಾಮಾ ಸೊರಗು ರೋಗವೂ ಒಂದು.

ನೂರು ಗ್ರಾಂ ಹಣ್ಣಿನ ತಿರುಳಿನಲ್ಲಿ ಸುಮಾರು 89 ಕಿಲೊಕ್ಯಾಲರಿ ಶಕ್ತಿ, 23 ಗ್ರಾಂ ಶರ್ಕರಪಿಷ್ಟ, 2.6 ಗ್ರಾಂ ನಾರು, 358 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತವೆ. ಪೊಟ್ಯಾಸಿಯಂ ಎಂದೊಡನೆ ಬಾಳೆಹಣ್ಣನ್ನೇ ನೆನೆಯುವ ರೂಢಿಯಿದ್ದರೂ ಸಿಪ್ಪೆಸಹಿತ ಬೇಯಿಸಿದ ಆಲೂಗಡ್ಡೆಯಲ್ಲೂ ಅದು ಅಷ್ಟೇ ಇದೆ. ಹೆಚ್ಚು ಗಮನಾರ್ಹವಾದುದು, ಪ್ರೋಟೀನಿನ ಚಯಾಪಚಯಕ್ಕೂ ನರಗಳು ಪರಸ್ಪರ ಸಂದೇಶ ಕಳುಹಿಸಲು ಬಳಸುವ ರಾಸಾಯನಿಕಗಳ ತಯಾರಿಕೆಗೂ ಅಗತ್ಯವಾದ ಬಿ6 ಜೀವಸತ್ವ. ಇದು ನೂರು ಗ್ರಾಮಿಗೆ ಸುಮಾರು 0.4 ಮಿಲಿಗ್ರಾಂ ದೊರೆಯುತ್ತದೆ.

ಆದರೆ ಬಾಳೆಯ ನಿಜವಾದ ವಿಶೇಷವಿರುವುದು ಅದು ಮಾಗುವ ಬಗೆಯಲ್ಲಿ. ಬಲಿತ ಹಸಿರು ಕಾಯಿಯ ತಿರುಳಿನಲ್ಲಿ ತೂಕದ ಐದನೇ ಒಂದು ಭಾಗದಷ್ಟು ಪಿಷ್ಟವಿದ್ದು, ಅದರ ಬಹುಪಾಲು ಸಣ್ಣಕರುಳಿನಲ್ಲಿ ಜೀರ್ಣವಾಗದ ನಿರೋಧಕ ಪಿಷ್ಟ. ಅದು ದೊಡ್ಡಕರುಳನ್ನು ತಲುಪಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ, ಕರುಳಿನ ಒಳಪದರದ ಕೋಶಗಳಿಗೆ ಆಹಾರವಾಗುವ ಬ್ಯುಟಿರೇಟ್ ಮುಂತಾದ ಕೊಬ್ಬಿನಾಮ್ಲಗಳನ್ನು ಉಂಟುಮಾಡುತ್ತವೆ. ಬೇಯಿಸಿದರೆ ಈ ಪಿಷ್ಟದ ಬಹುಭಾಗ ಸುಲಭವಾಗಿ ಜೀರ್ಣವಾಗುವ ರೂಪಕ್ಕೆ ತಿರುಗುವುದರಿಂದ ಬಾಳೆಕಾಯಿ ಪಲ್ಯದಿಂದ ಅಷ್ಟೇ ಲಾಭವನ್ನು ನಿರೀಕ್ಷಿಸಲಾಗದು. ಕಾಯಿ ತಾನೇ ಹೊರಸೂಸುವ ಎಥಿಲೀನ್ ಅನಿಲ ಮಾಗುವಿಕೆಗೆ ಚಾಲನೆ ಕೊಟ್ಟೊಡನೆ ಕಿಣ್ವಗಳು ಪಿಷ್ಟವನ್ನು ಸಕ್ಕರೆಗಳಾಗಿ ಒಡೆಯುತ್ತವೆ, ಪೆಕ್ಟಿನ್ ಕರಗಿ ತಿರುಳು ಮೆತ್ತಗಾಗುತ್ತದೆ, ಸಿಪ್ಪೆಯ ಹರಿತ್ತು ನಾಶವಾಗಿ ಹಳದಿ ಕಾಣಿಸಿಕೊಳ್ಳುತ್ತದೆ. ಪೂರ್ತಿ ಕಳಿತ ಹಣ್ಣಿನಲ್ಲಿ ಉಳಿಯುವ ಪಿಷ್ಟ ಅತ್ಯಲ್ಪ.

ಆದುದರಿಂದ ಬೇಗ ಶಕ್ತಿ ಬೇಕಾದ ದುಡಿಮೆಗಾರರಿಗೆ ಕಳಿತ ಹಣ್ಣು ಒಳ್ಳೆಯದು, ಮಧುಮೇಹವಿರುವವರಿಗೆ ಸ್ವಲ್ಪ ಗಟ್ಟಿಯಾದ ಚಿಕ್ಕ ಹಣ್ಣು ವಾಸಿ. ಮೂತ್ರಪಿಂಡಗಳು ದುರ್ಬಲವಾದವರಲ್ಲಿ ಮಾತ್ರ ಹೆಚ್ಚುವರಿ ಪೊಟ್ಯಾಸಿಯಂ ರಕ್ತದಲ್ಲೇ ಉಳಿದು ಹೃದಯದ ಬಡಿತವನ್ನು ಏರುಪೇರು ಮಾಡಬಲ್ಲುದಾದ್ದರಿಂದ, ಅವರು ಎಷ್ಟು ತಿನ್ನಬಹುದೆಂಬುದನ್ನು ವೈದ್ಯರೇ ನಿರ್ಧರಿಸಬೇಕಾಗುತ್ತದೆ.